ಐಕ್ಯೂ 106: ಆ ಒಂದು ನಂಬರ್ ಹೇಳದೆ ಬಿಟ್ಟಿದ್ದು

ಕ್ಲಿನಿಕ್‌ನಿಂದ ಹೊರಗೆ ಬಂದವಳು ಸ್ಕೂಟರ್ ಸ್ಟಾರ್ಟ್ ಮಾಡಲಿಲ್ಲ. ಸೀಟಿನ ಮೇಲೇ ಕವರ್ ಇಟ್ಟು ರಿಪೋರ್ಟ್ ಹೊರಗೆಳೆದೆ. ಎಂಟು ಪುಟ ಇತ್ತು. ನನ್ನ ಕಣ್ಣು ಹುಡುಕುತ್ತಿದ್ದದ್ದು ಒಂದೇ ಒಂದು ಅಂಕಿಯನ್ನು. ಮೂರನೇ ಪುಟದಲ್ಲಿ ಸಿಕ್ಕಿತು: 106.

ಅಷ್ಟರಲ್ಲಿ ಗಂಡನ ಫೋನ್. ‘ಎಷ್ಟು ಬಂತು?’ ಎಸ್ಸೆಸ್ಸೆಲ್ಸಿ ರಿಸಲ್ಟ್ ಕೇಳೋ ಧಾಟಿಯಲ್ಲೇ ಕೇಳಿದರು.

‘ನೂರಾ ಆರು.’

‘ಅಂದ್ರೆ? ಒಳ್ಳೇದಾ, ಕೆಟ್ಟದ್ದಾ?’

ನನಗೂ ಗೊತ್ತಿರಲಿಲ್ಲ. ರಿಪೋರ್ಟ್ ಬಗ್ಗೆ ಮಾತಾಡೋಕೆ ಮನಶ್ಶಾಸ್ತ್ರಜ್ಞೆ ಒಂದು ವಾರ ಬಿಟ್ಟು ಟೈಮ್ ಕೊಟ್ಟಿದ್ದರು. ‘ಅಲ್ಲಿವರೆಗೂ ತಲೆ ಕೆಡಿಸ್ಕೋಬೇಡಿ’ ಅಂತ ಕೌಂಟರ್‌ನಲ್ಲಿದ್ದ ಹುಡುಗಿ ಹೇಳಿದ್ದಳು. ಆ ವಾರವಿಡೀ ನಾವಿಬ್ಬರೂ ಮಾಡಿದ್ದು ಅದೊಂದೇ ಕೆಲಸ.

ಇದನ್ನು ಬರೆಯುತ್ತಿರುವುದು ಅದಕ್ಕೇ. ಈಗ ಎಷ್ಟೋ ಅಪ್ಪ ಅಮ್ಮಂದಿರ ಕೈಗೆ ಇಂಥ ರಿಪೋರ್ಟ್ ಬರ್ತಾ ಇದೆ. ಶಾಲೆ ಕೇಳುತ್ತೆ, ಡಾಕ್ಟರ್ ಕೇಳ್ತಾರೆ, ಇಲ್ಲಾ ನಮಗೇ ಒಂದು ಅನುಮಾನ ಇರುತ್ತೆ. ಟೆಸ್ಟ್ ಮಾಡಿಸುವುದು ಕಷ್ಟವಲ್ಲ. ಬಂದ ಅಂಕಿಗಳನ್ನು ಓದುವುದು ಹೇಗೆ ಅನ್ನೋದನ್ನ ಮಾತ್ರ ನಮಗೆ ಯಾರೂ ಕಲಿಸಿರುವುದಿಲ್ಲ.

ಹರಿದ ಹಾಳೆ

ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮಾತಿಗೆ ಕೂತರೆ ಅವನನ್ನು ಹಿಡಿಯುವವರಿಲ್ಲ. ಚಂದ್ರಯಾನ ಚಂದ್ರನ ದಕ್ಷಿಣ ಧ್ರುವದ ಕಡೆಗೇ ಯಾಕೆ ಹೋಯ್ತು ಅಂತ ಅವರಜ್ಜಿಗೆ ಅರ್ಧ ಗಂಟೆ ಪಾಠ ಮಾಡ್ತಾನೆ. ಆದರೆ ನೋಟ್‌ಬುಕ್ ತೆರೆದರೆ ಅರ್ಧ ಪುಟ ಖಾಲಿ. ಬೋರ್ಡ್ ಮೇಲಿದ್ದುದನ್ನು ಅವನು ಬರೆದುಕೊಳ್ಳುವ ಮುಂಚೆಯೇ ಟೀಚರ್ ಒರೆಸಿರುತ್ತಾರೆ. ಪರೀಕ್ಷೆಯಲ್ಲಿ ಹತ್ತು ಪ್ರಶ್ನೆ ಇದ್ದರೆ ಆರಕ್ಕೆ ಸರಿಯುತ್ತರ, ಉಳಿದ ನಾಲ್ಕನ್ನು ಮುಟ್ಟಿಯೇ ಇಲ್ಲ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಪ್ರತಿಸಲ ಒಂದೇ ಮಾತು: ‘ಬುದ್ಧಿ ಇದೆ ಮೇಡಂ, ಸೋಮಾರಿತನ ಅಷ್ಟೇ.’

ಆ ಮಾತನ್ನು ನಾನೂ ನಂಬಿದ್ದೆ. ಒಂದು ಸಂಜೆ ಫೋನ್‌ನಲ್ಲಿ ಇಪ್ಪತ್ತು ನಿಮಿಷದ ಟೈಮರ್ ಇಟ್ಟು ಎದುರಿಗೆ ಕೂತೆ. ಒಂದು ಪ್ಯಾರಾ ನೋಡಿ ಬರೆಯಬೇಕಿತ್ತು. ಟೈಮರ್ ಹೊಡೆದಾಗ ಬರೆದದ್ದು ಮೂರು ಸಾಲು. ಆಫೀಸಿನ ಸುಸ್ತು, ಬೆಳಗ್ಗೆ ಓದಿದ ಡೈರಿ ಷರಾ, ಎಲ್ಲ ಸೇರಿ ಸಿಟ್ಟು ಬಂತು. ಆ ಹಾಳೆಯನ್ನು ಹರಿದು, ‘ಮೊದಲಿಂದ ಬರಿ’ ಅಂದೆ.

ಅವನು ಅಳಲಿಲ್ಲ. ‘ತಲೇಲಿ ಇದೆ ಅಮ್ಮ, ಕೈಗೆ ಬರ್ತಿಲ್ಲ’ ಅಂದ. ನಾನು ಅದನ್ನೂ ನೆಪ ಅಂದುಕೊಂಡೆ.

ಟೆಸ್ಟ್ ಮಾಡಿಸಿ ಅಂತ ಶಾಲೆಯವರು ಹೇಳಿದ್ದು ಇದಾಗಿ ಎರಡು ತಿಂಗಳಿಗೆ.

ನೂರು ಅಂದ್ರೆ ನೂರಕ್ಕೆ ನೂರಲ್ಲ

ಆ ವಾರ ನಾವು ಮಾಡಿದ ಮೊದಲ ತಪ್ಪು, ಐಕ್ಯೂ ಅಂಕಿಯನ್ನು ಮಾರ್ಕ್ಸ್ ಥರ ಓದಿದ್ದು. ಐಕ್ಯೂ ಎಷ್ಟಕ್ಕೆ ಎಷ್ಟು ಬಂತು ಅನ್ನೋ ಲೆಕ್ಕ ಅಲ್ಲ. ಅದೇ ವಯಸ್ಸಿನ ಮಕ್ಕಳ ಸಾಲಿನಲ್ಲಿ ನಿಮ್ಮ ಮಗು ಎಲ್ಲಿ ನಿಂತಿದೆ ಅನ್ನೋ ಲೆಕ್ಕ.

ಆ ಸಾಲಿನ ನಟ್ಟನಡುವಿನ ಜಾಗಕ್ಕೆ 100 ಅಂತ ಹೆಸರಿಟ್ಟಿದ್ದಾರೆ. ಸುಮಾರು ಮೂರರಲ್ಲಿ ಎರಡು ಭಾಗ ಮಕ್ಕಳು 85ರಿಂದ 115ರ ಒಳಗೆ ಬರ್ತಾರೆ. 130 ದಾಟುವವರು ನೂರಕ್ಕೆ ಇಬ್ಬರು, 70ಕ್ಕಿಂತ ಕೆಳಗೆ ಬರುವವರೂ ಹೆಚ್ಚುಕಮ್ಮಿ ಅಷ್ಟೇ. 90ರಿಂದ 109ರವರೆಗೆ ‘ಸರಾಸರಿ’ ಅಂತ ಬರೆದಿರುತ್ತೆ. ಆ ಪದ ನೋಡಿ ಬೇಜಾರು ಮಾಡ್ಕೋಬೇಡಿ. ಅರ್ಧದಷ್ಟು ಮಕ್ಕಳು ಇರೋದು ಅಲ್ಲೇ.

ಪಕ್ಕದ ಕಾಲಂನಲ್ಲಿ ಪರ್ಸೆಂಟೈಲ್ ಅಂತ ಇರುತ್ತೆ. ನನ್ನ ಗಂಡ ಒಂದು ಕಡೆ ‘9’ ನೋಡಿ ಬೆಚ್ಚಿಬಿದ್ದರು. ‘ನೂರಕ್ಕೆ ಬರೀ ಒಂಬತ್ತಾ?’ ಅದು ಹಾಗಲ್ಲ. ಆ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇವನ ಹಿಂದೆ ಸುಮಾರು ಒಂಬತ್ತು ಮಕ್ಕಳಿರುತ್ತಾರೆ ಅಂತ ಅರ್ಥ. ಪರ್ಸೆಂಟೈಲ್ 50 ಅಂದರೆ ಜಸ್ಟ್ ಪಾಸ್ ಅಲ್ಲ, ಸರಿಯಾಗಿ ಮಧ್ಯ. 106 ಅಂದರೆ 66ನೇ ಪರ್ಸೆಂಟೈಲ್.

ಇನ್ನೊಂದು ವಿಷಯ. 106ರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘100–111’ ಅಂತಲೂ ಇತ್ತು. ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಯಾವ ಪರೀಕ್ಷೆಯೂ ಕರಾರುವಾಕ್ಕಲ್ಲ. ಮಗುವಿಗೆ ನಿದ್ದೆ ಆಗಿತ್ತಾ, ಹೊಟ್ಟೆ ತುಂಬಿತ್ತಾ, ಎದುರಿಗೆ ಕೂತವರ ಹತ್ತಿರ ಹೊಂದಿಕೊಂಡಿತಾ, ಎಲ್ಲವೂ ಅಂಕಿಯಲ್ಲಿ ಸೇರಿರುತ್ತೆ. ಹಾಗಾಗಿ ನಿಜವಾದ ಅಂಕಿ ಈ ಎರಡರ ನಡುವೆ ಎಲ್ಲೋ ಇದೆ ಅನ್ನುವುದೇ ಸರಿಯಾದ ಓದು. ನಿಮ್ಮ ಮಗುವಿಗೆ 108, ನಾದಿನಿಯ ಮಗುವಿಗೆ 111 ಬಂದರೆ ಅವರಿಬ್ಬರಲ್ಲಿ ಯಾರು ಜಾಣ ಅಂತ ಹೇಳೋಕೆ ಆಗೋದಿಲ್ಲ.

ಈ ಅಂಕಿ ಹುಟ್ಟಿದ್ದು ಯಾಕೆ?

ಮಕ್ಕಳನ್ನು ಜಾಣ, ದಡ್ಡ ಅಂತ ವಿಂಗಡಿಸೋಕೆ ಇದು ಹುಟ್ಟಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಫ್ರಾನ್ಸ್ ಸರ್ಕಾರಕ್ಕೆ, ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವ ದಾರಿ ಬೇಕಿತ್ತು. ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಮೊದಲ ಪರೀಕ್ಷೆ ತಯಾರಿಸಿದರು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಮುಂದೆ ಬದಲಾಗೋದಿಲ್ಲ ಅನ್ನುವವರ ಮಾತನ್ನು ಬಿನೆ ಒಪ್ಪುತ್ತಿರಲಿಲ್ಲ. ನೆರವು ಕೊಟ್ಟರೆ ಮಗು ಬೆಳೆಯುತ್ತೆ ಅನ್ನೋದು ಅವರ ನಂಬಿಕೆ.

ನಮ್ಮಲ್ಲೂ ಇದರ ಚರಿತ್ರೆ ಹಳೆಯದು. 1930ರ ದಶಕದಲ್ಲೇ ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅಳವಡಿಸಿದರು. ಬಿನೆ–ಕಾಮತ್ ಟೆಸ್ಟ್ ಅಂತ ಅದರ ಹೆಸರು ಇವತ್ತಿಗೂ ರಿಪೋರ್ಟ್‌ಗಳಲ್ಲಿ ಕಾಣುತ್ತೆ. ಅಮೆರಿಕದ ಡೇವಿಡ್ ವೆಕ್ಸ್ಲರ್ 1949ರಲ್ಲಿ ಮಕ್ಕಳಿಗೆಂದೇ ಬೇರೆ ಪರೀಕ್ಷೆ ಮಾಡಿದರು. ಅದನ್ನು ಭಾರತದ ಮಕ್ಕಳಿಗೆ ಹೊಂದಿಸಿದ್ದು ನಾಗಪುರದಲ್ಲಿದ್ದ ಆರ್ಥರ್ ಮಾಲಿನ್, 1969ರಲ್ಲಿ. ‘ಮಿಸಿಕ್’ ಅಂತ ಕರೆಯುವುದು ಅದನ್ನೇ. ನನ್ನ ಮಗನಿಗೆ ಕೊಟ್ಟಿದ್ದು ವೆಕ್ಸ್ಲರ್ ಪರೀಕ್ಷೆಯ ಐದನೇ ಆವೃತ್ತಿ. ಆರರಿಂದ ಹದಿನಾರು ವರ್ಷದವರಿಗೆ ಕೊಡುವಂಥದ್ದು.

ವೆಕ್ಸ್ಲರ್ ಪರೀಕ್ಷೆಯಲ್ಲಿ ಬೇರೆಬೇರೆ ಥರದ ಸಣ್ಣ ಸಣ್ಣ ಕೆಲಸಗಳಿರುತ್ತವೆ, ಒಂದೊಂದಕ್ಕೂ ಬೇರೆ ಅಂಕ. ಸಹಾಯ ಎಲ್ಲಿ ಬೇಕು ಅನ್ನೋದು ಕಾಣೋದು ಆ ಬೇರೆಬೇರೆ ಅಂಕಗಳಲ್ಲಿ.

ಐದು ಸಾಲು, ಐದು ಕಥೆ

ವಾರ ಕಳೆದ ಮೇಲೆ ಹೋದಾಗ ಮನಶ್ಶಾಸ್ತ್ರಜ್ಞೆ ಮೊದಲು ಮಾಡಿದ ಕೆಲಸ, 106ರ ಮೇಲೆ ಪೆನ್ನಿನ ಕ್ಯಾಪ್ ಇಟ್ಟು ಮುಚ್ಚಿದ್ದು. ‘ಇದನ್ನ ಆಮೇಲೆ ನೋಡೋಣ. ಕೆಳಗಿನ ಐದು ಸಾಲು ಓದಿ’ ಅಂದರು.

ಭಾಷಾ ಗ್ರಹಿಕೆ: 121. ಪದಗಳ ಅರ್ಥ ಹೇಳುವುದು, ಎರಡು ವಸ್ತುಗಳ ನಡುವಿನ ಸಾಮ್ಯ ಗುರುತಿಸಿ ಮಾತಿನಲ್ಲಿ ವಿವರಿಸುವುದು. ನೂರು ಮಕ್ಕಳಲ್ಲಿ ತೊಂಬತ್ತೆರಡು ಮಂದಿಗಿಂತ ಮುಂದೆ. ಅಜ್ಜಿಗೆ ಚಂದ್ರಯಾನದ ಪಾಠ ಹೇಳುವುದು ಈ ಸಾಮರ್ಥ್ಯ.

ದೃಶ್ಯ ಗ್ರಹಿಕೆ: 108. ಆಕಾರಗಳನ್ನು ಮನಸ್ಸಿನಲ್ಲೇ ಬಿಡಿಸಿ ಜೋಡಿಸುವುದು. ಲೆಗೊ, ಜಿಗ್ಸಾ, ಮುಂದೆ ಜ್ಯಾಮಿತಿ, ಇವಕ್ಕೆಲ್ಲ ಬೇಕಾಗುವಂಥದ್ದು.

ತರ್ಕ: 112. ಮೊದಲು ಕಲಿತಿರದ ಹೊಸ ಸಮಸ್ಯೆಯಲ್ಲಿ ನಿಯಮ ಹುಡುಕುವುದು.

ವರ್ಕಿಂಗ್ ಮೆಮೊರಿ: 88. ಕೇಳಿದ್ದನ್ನೋ ಕಂಡದ್ದನ್ನೋ ತಲೆಯಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವುದು. ಒಟಿಪಿ ಒಂದ್ಸಲ ನೋಡಿ, ಇನ್ನೊಂದು ಆ್ಯಪ್‌ಗೆ ಹೋಗಿ ಟೈಪ್ ಮಾಡ್ತೀವಲ್ಲ, ಆ ಥರ. ‘ಅಂಗಡೀಲಿ ಅರ್ಧ ಕೆಜಿ ಸಕ್ಕರೆ, ಎರಡು ಪ್ಯಾಕೆಟ್ ಹಾಲು, ಕೊತ್ತಂಬರಿ ಸೊಪ್ಪು ತಗೊಂಡು ಚಿಲ್ಲರೆ ಎಣಿಸಿಕೊಂಡು ಬಾ’ ಅಂದರೆ ನಮ್ಮವನು ಸಕ್ಕರೆ ಮಾತ್ರ ತರ್ತಾನೆ.

ಪ್ರೊಸೆಸಿಂಗ್ ಸ್ಪೀಡ್: 80. ಸುಲಭದ ಕೆಲಸವನ್ನೇ ನೋಡಿ, ಗುರುತಿಸಿ, ಪೆನ್ಸಿಲ್‌ನಲ್ಲಿ ಬೇಗ ಬೇಗ ಮುಗಿಸುವುದು. ಗಂಡ ನೋಡಿ ಬೆಚ್ಚಿದ ಒಂಬತ್ತನೇ ಪರ್ಸೆಂಟೈಲ್ ಇದರದ್ದು.

ಅತಿ ಹೆಚ್ಚು 121, ಅತಿ ಕಡಿಮೆ 80. ನಡುವೆ 41 ಅಂಕದ ಅಂತರ. ಇವೆಲ್ಲ ಕೂಡಿ, ಮೇಲಿನದು ಕೆಳಗೆ ಇಳಿದು ಕೆಳಗಿನದು ಮೇಲೇರಿ, ಬಂದಿದ್ದು 106. ಒಂದು ಕೈ ಬಿಸಿನೀರಲ್ಲಿ, ಇನ್ನೊಂದು ಕೈ ತಣ್ಣೀರಲ್ಲಿ ಇಟ್ಟವನನ್ನು ನೋಡಿ ‘ಉಗುರು ಬೆಚ್ಚಗಿದ್ದಾನೆ’ ಅಂದ ಹಾಗಾಯ್ತು.

ಇಂಥ ಸಂದರ್ಭದಲ್ಲಿ ವರ್ಕಿಂಗ್ ಮೆಮೊರಿ, ವೇಗ ಎರಡನ್ನೂ ಪಕ್ಕಕ್ಕಿಟ್ಟು ಉಳಿದ ಮೂರರಿಂದ ಇನ್ನೊಂದು ಅಂಕಿ ತೆಗೀತಾರೆ. ಜನರಲ್ ಎಬಿಲಿಟಿ ಇಂಡೆಕ್ಸ್ ಅಂತ ಅದರ ಹೆಸರು. ಮಗನದ್ದು 116. ‘ಹಾಗಾದ್ರೆ ಇದೇ ಇವನ ನಿಜವಾದ ಐಕ್ಯೂನಾ?’ ಅಂತ ನಾನು ಆಸೆಯಿಂದಲೇ ಕೇಳಿದೆ. ಅವರು ನಕ್ಕರು. ‘ನಿಮಗೆ ಇಷ್ಟವಾದ ನಂಬರ್ ಆರಿಸ್ಕೊಳ್ಳೋ ಹಾಗಿಲ್ಲ ಮೇಡಂ. ಯೋಚನೆ ಮಾಡೋದು 116ರ ಮಟ್ಟದಲ್ಲಿದೆ, ಅದನ್ನ ಹೊರಗೆ ತರೋ ದಾರಿ 80ರದ್ದು. ಕ್ಲಾಸಿನಲ್ಲಿ ಅವನು ಈ ಎರಡನ್ನೂ ಹೊತ್ಕೊಂಡೇ ಕೂತಿರ್ತಾನೆ.’

ಅಂತರ ಎಷ್ಟಿದ್ದರೆ ಲೆಕ್ಕಕ್ಕೆ?

ಹಾಗಂತ ಪ್ರತಿ ಏರಿಳಿತವನ್ನೂ ಹಿಡಿದು ಕೂರಬಾರದು. ಯಾವ ಮಗುವಿಗೂ ಐದೂ ಸಾಲಿನಲ್ಲಿ ಒಂದೇ ಅಂಕಿ ಬರೋದಿಲ್ಲ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಯ ನಡುವೆ 20 ಅಂಕದ ಅಂತರ, ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಧಾರಾಳವಾಗಿ ಸಿಗುತ್ತೆ.

ಹಾಗಾಗಿ ತಜ್ಞರು ಎರಡು ಪ್ರಶ್ನೆ ಕೇಳಿಕೊಳ್ತಾರೆ. ಒಂದು: ಈ ಅಂತರ ನಿಜವಾ, ಅಥವಾ ಆ ದಿನದ ಆಕಸ್ಮಿಕವಾ? ಎರಡು: ನಿಜವೇ ಆದರೂ ಇಷ್ಟು ಅಂತರ ಎಷ್ಟು ಮಕ್ಕಳಲ್ಲಿ ಕಾಣುತ್ತೆ? ಮೊದಲನೆಯದಕ್ಕೆ ‘ಹೌದು’ ಅಂತ ಬಂದು, ಎರಡನೆಯದಕ್ಕೆ ‘ತುಂಬ ಮಕ್ಕಳಲ್ಲಿ’ ಅಂತ ಬಂದರೆ ಆ ಅಂತರದಿಂದ ದೊಡ್ಡ ತೀರ್ಮಾನಕ್ಕೆ ಬರಬೇಕಾಗಿಲ್ಲ. ಎರಡಕ್ಕೂ ಪಟ್ಟಿಗಳಿವೆ. ರಿಪೋರ್ಟ್‌ನಲ್ಲಿ ಈ ಮಾತು ಇಲ್ಲದಿದ್ದರೆ ಕೇಳಿ ತಿಳ್ಕೊಳ್ಳಿ.

ಐದು ಸಾಲಿನ ಕೆಳಗೆ ಇನ್ನೂ ಸಣ್ಣ ಅಂಕಿಗಳಿರುತ್ತವೆ: 14, 11, 8, 6 ಹೀಗೆ. ಇವು ಒಂದೊಂದು ಬಿಡಿ ಕೆಲಸದ ಅಂಕಗಳು. ಇಲ್ಲಿ ಮಧ್ಯ ಅಂದರೆ 10, ಹೆಚ್ಚಿನ ಮಕ್ಕಳು 7ರಿಂದ 13ರ ಒಳಗೆ. ಆ ವಾರ ನಾನು ರಾತ್ರಿ ಹನ್ನೆರಡರವರೆಗೂ ಗೂಗಲ್ ಮಾಡಿ, ಒಂದು 8 ಯಾಕೆ 8 ಆಯ್ತು ಅಂತ ಕಥೆ ಕಟ್ಟಿದ್ದೆ. ತಜ್ಞರ ಲೋಕದಲ್ಲೇ ಇದರ ಬಗ್ಗೆ ಜಗಳ ಇದೆ. ಬಿಡಿ ಅಂಕಗಳ ಏರಿಳಿತ ಓದಿ ಮಗುವಿನ ಬಗ್ಗೆ ಭವಿಷ್ಯ ಹೇಳಬೇಡಿ, ಅದಕ್ಕೆ ಖಡಾಖಂಡಿತ ‘ಬೇಡ’ ಅನ್ನಿ ಅಂತ ಅಮೆರಿಕದ ಮೂವರು ಸಂಶೋಧಕರು 1990ರಲ್ಲೇ ಬರೆದರು. ಬಿಡಿ ಅಂಕ ಇನ್ನೊಂದು ದಿನ ಸುಲಭವಾಗಿ ಬದಲಾಗುತ್ತೆ ಅನ್ನೋದು ಅವರ ವಾದದ ಒಂದು ಭಾಗ. ಅಂಕಿ ಸಣ್ಣದಾದಷ್ಟೂ ಅದರ ಮೇಲೆ ಕಟ್ಟುವ ಕಥೆಯೂ ಸಣ್ಣದಿರಲಿ.

ಅಂಕಿ ‘ಎಲ್ಲಿ’ ಅನ್ನುತ್ತೆ, ‘ಯಾಕೆ’ ಅನ್ನೋದಿಲ್ಲ

80 ನೋಡಿದ ತಕ್ಷಣ ನಾನು ಕೇಳಿದ್ದು, ‘ಹಾಗಾದ್ರೆ ಇದು ಎಡಿಎಚ್‌ಡಿನಾ? ಡಿಸ್‌ಲೆಕ್ಸಿಯಾನಾ?’

ಐಕ್ಯೂ ಪರೀಕ್ಷೆಯೊಂದರಿಂದಲೇ ಇವೆರಡನ್ನೂ ಹೇಳೋಕೆ ಬರೋದಿಲ್ಲ. ವೇಗದ ಅಂಕ ಕಡಿಮೆಯಾಗೋಕೆ ಹತ್ತು ಕಾರಣ ಇರಬಹುದು. ಕಣ್ಣು ಸರಿಯಾಗಿ ಕಾಣದೇ ಇರಬಹುದು. ಪೆನ್ಸಿಲ್ ಹಿಡಿಯೋದೇ ಕಷ್ಟ ಇರಬಹುದು. ಗಮನ ಆಚೀಚೆ ಹೋಗುತ್ತಿರಬಹುದು. ತಪ್ಪಾದೀತು ಅನ್ನೋ ಭಯಕ್ಕೆ ಒಂದೊಂದನ್ನೂ ಎರಡೆರಡು ಸಲ ನೋಡುವ ಮಗು ಇರಬಹುದು. ನಿದ್ದೆಗೆಟ್ಟಿರಬಹುದು. ಎಲ್ಲರಿಗೂ ಬರುವ ಅಂಕಿ ಒಂದೇ, ಮಾಡಬೇಕಾದ ಕೆಲಸ ಬೇರೆಬೇರೆ.

ಓದು, ಬರಹ, ಲೆಕ್ಕದಲ್ಲಿ ಕಲಿಕಾ ನ್ಯೂನತೆ ಇದೆಯಾ ಅಂತ ತಿಳಿಯೋಕೆ ಅವಕ್ಕೇ ಪ್ರತ್ಯೇಕ ಪರೀಕ್ಷೆ ಬೇಕು. ಎಡಿಎಚ್‌ಡಿ ಅನ್ನೋಕೆ ಮನೆ, ಶಾಲೆ ಎರಡೂ ಕಡೆಯ ನಡವಳಿಕೆಯ ವಿವರ ಬೇಕು. ಅಂಕಿ 70ಕ್ಕಿಂತ ಕೆಳಗಿದೆ ಅಂತ ಮಾತ್ರಕ್ಕೆ ಬೌದ್ಧಿಕ ನ್ಯೂನತೆ ಅಂತಲೂ ಹೇಳುವಂತಿಲ್ಲ. ಬಟ್ಟೆ ಹಾಕಿಕೊಳ್ಳುವುದು, ದುಡ್ಡು ಎಣಿಸುವುದು, ಜನರ ಜೊತೆ ಬೆರೆಯುವುದು, ಇಂಥ ದಿನನಿತ್ಯದ ಸಾಮರ್ಥ್ಯವನ್ನೂ ಅಳೆದೇ ತೀರ್ಮಾನ ಮಾಡಬೇಕು.

ನಮಗೆ ಮೂರು ಕೆಲಸ ಹೇಳಿದರು: ಕಣ್ಣಿನ ಪರೀಕ್ಷೆ, ಓದು–ಬರಹದ ಪರೀಕ್ಷೆ, ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಒಂದು ಭೇಟಿ. ಕಣ್ಣು ಸರಿ ಇತ್ತು. ಓದು ವಯಸ್ಸಿಗೆ ತಕ್ಕ ಹಾಗೇ ಇತ್ತು. ಮೂರನೇ ಕಡೆ ಥೆರಪಿಸ್ಟ್ ಅವನಿಗೆ ಒಂದು ಪ್ಯಾರಾ ಬರೆಯೋಕೆ ಹೇಳಿ ಸುಮ್ಮನೆ ಕೈ ನೋಡುತ್ತಾ ಕೂತರು. ನಾಲ್ಕನೇ ಸಾಲಿಗೆ ಅವನು ಪೆನ್ಸಿಲ್ ಕೆಳಗಿಟ್ಟು ಬೆರಳು ಕೊಡವಿಕೊಂಡ. ‘ಎಷ್ಟು ಗಟ್ಟಿಯಾಗಿ ಒತ್ತಿ ಹಿಡೀತಾನೆ ನೋಡಿ, ನೋವಾಗ್ತಾ ಇದೆ ಅವನಿಗೆ’ ಅಂದರು.

ನನಗೆ ಆ ಹರಿದ ಹಾಳೆ ನೆನಪಾಯಿತು. ಮೂರು ಸಾಲಿಗೆ ನಿಂತಿತ್ತಲ್ಲ, ಅದು.

ಯಾವ ಭಾಷೆ, ಎಷ್ಟು ಹಳೆಯ ಪಟ್ಟಿ?

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೆರಡು ಎಚ್ಚರಿಕೆ ಬೇಕು.

ಮೊದಲನೆಯದು ಭಾಷೆ. ಮನೆಯಲ್ಲಿ ಕನ್ನಡ, ಅಪಾರ್ಟ್‌ಮೆಂಟ್‌ನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಗುವಿಗೆ ಇಂಗ್ಲಿಷ್‌ನಲ್ಲಿ ಪದದ ಅರ್ಥ ಕೇಳಿದರೆ ಅಳೆಯುತ್ತಿರೋದು ಬುದ್ಧಿಯನ್ನೋ ಇಂಗ್ಲಿಷನ್ನೋ? ಈಚೆಗಷ್ಟೇ ಇಂಗ್ಲಿಷ್ ಮೀಡಿಯಂಗೆ ಸೇರಿದ ಮಗುವಿನ ಭಾಷಾ ಅಂಕ ಕಡಿಮೆ ಬಂದರೆ ‘ಭಾಷೆಯಲ್ಲಿ ದುರ್ಬಲ’ ಅಂತ ಷರಾ ಬರೆಯುವ ಮುಂಚೆ ಇದನ್ನ ಯೋಚಿಸಬೇಕು. ಮಗು ಯಾವ ಭಾಷೆಯಲ್ಲಿ ಕನಸು ಹೇಳುತ್ತೆ, ಜಗಳ ಆಡುತ್ತೆ ಅನ್ನೋದನ್ನ ಪರೀಕ್ಷೆಗೆ ಮುಂಚೆಯೇ ಹೇಳಿ.

ಎರಡನೆಯದು ಪರೀಕ್ಷೆಯ ವಯಸ್ಸು. ಅಂಕಿ ಬರೋದು ಬೇರೆ ಮಕ್ಕಳ ಜೊತೆ ಹೋಲಿಸಿ ಅಂದೆನಲ್ಲ. ಆ ಬೇರೆ ಮಕ್ಕಳು ಯಾವ ಕಾಲದವರು? ಪೀಳಿಗೆಯಿಂದ ಪೀಳಿಗೆಗೆ ಈ ಪರೀಕ್ಷೆಗಳ ಅಂಕ ಏರುತ್ತಾ ಬಂದಿದೆ ಅಂತ ನ್ಯೂಜಿಲೆಂಡ್‌ನಲ್ಲಿದ್ದ ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಹಲವು ದೇಶಗಳಲ್ಲಿ ಹತ್ತು ವರ್ಷಕ್ಕೆ ಸುಮಾರು ಮೂರು ಅಂಕದಷ್ಟು ಏರಿಕೆ. ಹಾಗಾಗಿ 1960ರ ದಶಕದ ಮಕ್ಕಳ ಪಟ್ಟಿಗೆ ಇವತ್ತಿನ ಮಗುವನ್ನು ಹೋಲಿಸಿದರೆ ಅಂಕ ಉಬ್ಬಿ ಕಾಣಬಹುದು. ಹಳೆಯ ಪರೀಕ್ಷೆಯಲ್ಲಿ 118, ಹೊಸದರಲ್ಲಿ 105 ಬಂತು ಅಂದರೆ ಮಗುವಿನ ಬುದ್ಧಿ ಕುಸಿಯಿತು ಅಂತಲ್ಲ. ಬೇರೆಬೇರೆ ಪರೀಕ್ಷೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಅಳಬೇಡಿ.

ಮತ್ತೆ, ಪರೀಕ್ಷೆಗೆ ಮುಂಚೆ ಮನೆಯಲ್ಲಿ ‘ಪ್ರಾಕ್ಟೀಸ್’ ಮಾಡಿಸಬೇಡಿ. ಅಂಕ ಏರಬಹುದು, ಆದರೆ ಸಹಾಯ ಎಲ್ಲಿ ಬೇಕಿತ್ತೋ ಅದೇ ಮುಚ್ಚಿಹೋಗುತ್ತೆ.

ನಾವು ಮಾಡಿದ್ದು

ರಿಪೋರ್ಟ್‌ನ ಕೊನೆಯ ಪುಟದಲ್ಲಿ ಸಲಹೆಗಳಿದ್ದವು. ಮೊದಲ ವಾರ ನಾನು ಆ ಪುಟ ತಿರುಗಿಸಿಯೇ ನೋಡಿರಲಿಲ್ಲ. ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅದೊಂದೇ.

ಶಾಲೆಯ ಕ್ಲಾಸ್ ಟೀಚರ್ ಜೊತೆ ರಿಪೋರ್ಟ್ ಹಿಡಿದು ಕೂತೆವು. ಪುಣ್ಯಕ್ಕೆ ಅವರು ಕಿವಿಗೊಟ್ಟರು. ಬೋರ್ಡ್‌ನಿಂದ ಇಡೀ ಪಾಠ ಬರೆದುಕೊಳ್ಳುವ ಬದಲು ಮುಖ್ಯಾಂಶದ ಪ್ರಿಂಟ್ ಕೊಡ್ತಾರೆ. ಟೆಸ್ಟ್‌ನಲ್ಲಿ ಹದಿನೈದು ನಿಮಿಷ ಜಾಸ್ತಿ. ಬಿಟ್ಟ ಪ್ರಶ್ನೆಗಳನ್ನು ಕೆಲವೊಮ್ಮೆ ಬಾಯಲ್ಲೇ ಕೇಳ್ತಾರೆ, ಅವನ ಬಲ ಇರೋದು ಅಲ್ಲೇ ತಾನೆ.

ಮನೆಯಲ್ಲಿ ಒಂದೇ ಉಸಿರಿಗೆ ನಾಲ್ಕು ಕೆಲಸ ಹೇಳೋದು ನಿಲ್ಲಿಸಿದೆವು. ಒಂದಾದ ಮೇಲೆ ಒಂದು. ಅಂಗಡಿಗೆ ಹೋಗುವಾಗ ಚೀಟಿ. ಬೆಳಗಿನ ಕೆಲಸಗಳ ಪಟ್ಟಿ ಫ್ರಿಜ್ ಮೇಲಿದೆ, ಮಾಡಿದ್ದಕ್ಕೆ ಅವನೇ ಟಿಕ್ ಹಾಕ್ತಾನೆ. ಪ್ರಬಂಧ ಬರೆಯೋ ಮುಂಚೆ ಅವನು ಮಾತಾಡ್ತಾನೆ, ನಾನು ಫೋನ್‌ನಲ್ಲಿ ರೆಕಾರ್ಡ್ ಮಾಡ್ತೀನಿ, ಆಮೇಲೆ ಕೇಳಿಸಿಕೊಂಡು ಬರೀತಾನೆ. ವಾರಕ್ಕೆರಡು ದಿನ ಕೈಬೆರಳಿನ ವ್ಯಾಯಾಮ. ಚಪಾತಿ ಹಿಟ್ಟು ನಾದೋದೂ ಅದರಲ್ಲಿ ಸೇರಿದೆ, ಅತ್ತೆಗೆ ಖುಷಿ.

ಮೆದುಳಿನ ಕಸರತ್ತಿನ ಆ್ಯಪ್‌ಗಳಿಗೆ ದುಡ್ಡು ಹಾಕಲಿಲ್ಲ. ಅಂಥ ಆಟ ಆಡಿದರೆ ಆ ಆಟದಲ್ಲಿ ಚುರುಕಾಗ್ತಾರೆ, ಓದು–ಲೆಕ್ಕಕ್ಕೆ ಅದು ಹರಿದು ಬರೋದು ಕಾಣೋದಿಲ್ಲ ಅಂತ ಅಧ್ಯಯನಗಳು ಹೇಳ್ತಿವೆ.

ಕಲಿಕಾ ನ್ಯೂನತೆ ಇದೆ ಅಂತ ಗೊತ್ತಾದ ಮಕ್ಕಳಿಗೆ ಇನ್ನೂ ಹೆಚ್ಚಿನ ಅವಕಾಶ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳಲ್ಲೂ ಮಕ್ಕಳ ತಪಾಸಣೆ ಮಾಡ್ತಾರೆ.

ರಿಪೋರ್ಟ್ ಕೈಗೆ ಬಂದಾಗ ಕೇಳಿ

• ಯಾವ ಪರೀಕ್ಷೆ, ಯಾವ ಆವೃತ್ತಿ, ಯಾವ ಭಾಷೆಯಲ್ಲಿ ಕೊಟ್ಟಿರಿ? ಹೋಲಿಸಿದ ಪಟ್ಟಿ ಯಾವ ಕಾಲದ್ದು?

• ಪರೀಕ್ಷೆ ದಿನ ಮಗು ಹೇಗಿತ್ತು? ಸುಸ್ತು, ಹೆದರಿಕೆ, ಅವಸರ ಕಂಡಿತಾ?

• ಒಟ್ಟು ಐಕ್ಯೂ ಈ ಮಗುವನ್ನು ಸರಿಯಾಗಿ ಹೇಳುತ್ತಾ, ಅಥವಾ ಒಳಗಿನ ಅಂತರ ಅಷ್ಟು ದೊಡ್ಡದಾ?

• ಈ ಅಂತರ ಎಷ್ಟು ಮಕ್ಕಳಲ್ಲಿ ಕಾಣುತ್ತೆ?

• ಕಡಿಮೆ ಬಂದಿದ್ದಕ್ಕೆ ಏನೇನು ಕಾರಣ ಇರಬಹುದು? ಯಾವುದನ್ನು ಮೊದಲು ಪರೀಕ್ಷಿಸಬೇಕು?

• ಬಲ ಇರೋದು ಎಲ್ಲಿ? ಅದನ್ನು ಬಳಸಿ ಕೊರತೆ ದಾಟೋದು ಹೇಗೆ?

• ನಾಳೆ ಬೆಳಗ್ಗೆಯಿಂದ ಮನೆಯಲ್ಲಿ, ಶಾಲೆಯಲ್ಲಿ ಏನು ಬದಲಾಯಿಸಬೇಕು?

ಕೊನೆಯ ಪ್ರಶ್ನೆಗೆ ಉತ್ತರ ಸಿಗದೆ ಎದ್ದು ಬರಬೇಡಿ.

ಮಗು ಕೇಳಿದಾಗ

ಅಪ್ಪ ಅಮ್ಮ ಪಿಸುಗುಟ್ಟಿದಷ್ಟೂ ಮಕ್ಕಳ ಕಿವಿ ಚುರುಕು. ಒಂದು ರಾತ್ರಿ ಮಲಗೋ ಹೊತ್ತಿಗೆ ಅವನೇ ಕೇಳಿದ, ‘ಅಮ್ಮ, ಆ ಟೆಸ್ಟ್‌ನಲ್ಲಿ ನಂಗೆ ಎಷ್ಟು ಬಂತು?’

ಅಂಕಿ ಹೇಳಬೇಡಿ, ಅಂಕಿ ಏನು ಹೇಳುತ್ತೋ ಅದನ್ನ ಹೇಳಿ ಅಂತ ಮನಶ್ಶಾಸ್ತ್ರಜ್ಞೆ ಮೊದಲೇ ಎಚ್ಚರಿಸಿದ್ದರು. ‘ವಿಷಯ ಅರ್ಥ ಮಾಡ್ಕೊಂಡು ಹೇಳೋದ್ರಲ್ಲಿ ನೀನು ತುಂಬ ಮುಂದಿದ್ದೀಯಂತೆ. ಅದು ಬರಹಕ್ಕೆ ಇಳಿಯೋದು ಮಾತ್ರ ನಿಧಾನವಂತೆ. ತಲೆ ಓಡೋ ಸ್ಪೀಡಿಗೆ ಕೈ ಓಡ್ತಿಲ್ಲ’ ಅಂದೆ.

‘ಅದನ್ನೇ ಅಲ್ವಾ ನಾನು ಆವತ್ತು ಹೇಳಿದ್ದು?’ ಅಂದ.

ಹೌದು, ಅವನು ಹೇಳಿದ್ದ. ಆವತ್ತಿನ ಹಾಳೆಗೆ ‘ಸಾರಿ’ ಕೇಳಿದೆ. ‘ಪರವಾಗಿಲ್ಲ, ಆ ಪ್ಯಾರಾ ಬೋರಿಂಗ್ ಇತ್ತು’ ಅಂತ ಮಗ್ಗುಲು ಬದಲಿಸಿ ಮಲಗಿಬಿಟ್ಟ.

ಇದಾಗಿ ಏಳು ತಿಂಗಳಾಯ್ತು. ಅವನು ಈಗಲೂ ನಿಧಾನವೇ. ಕಳೆದ ಟೆಸ್ಟ್‌ನಲ್ಲಿ ಹತ್ತಕ್ಕೆ ಒಂಬತ್ತು ಪ್ರಶ್ನೆ ಮುಟ್ಟಿದ್ದ, ಅದರ ಹಿಂದಿನದರಲ್ಲಿ ಏಳು. ಡೈರಿಯಲ್ಲಿ ‘ಸೋಮಾರಿ’ ಅನ್ನೋ ಪದ ಬಂದಿಲ್ಲ. ನನ್ನ ಫೋನ್‌ನ ಟೈಮರ್ ಈಗ ಕುಕ್ಕರ್‌ಗೆ ಮಾತ್ರ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ರಿಪೋರ್ಟ್ ಬಂದಿದ್ದರೆ, ಅದನ್ನು ನೀವು ಹೇಗೆ ಓದಿದಿರಿ, ಯಾವ ಸಣ್ಣ ಬದಲಾವಣೆ ಉಪಯೋಗಕ್ಕೆ ಬಂತು ಅಂತ ಓದುಗರ ಅಂಕಣಕ್ಕೆ ಬರೆದು ಕಳಿಸಿ. ಮಗುವಿನ ಹೆಸರು ಬೇಡ, ನಂಬರೂ ಬೇಡ.